ಬೀರುವಿಗೆ ಬೀಗ, ಪುಸ್ತಕಕ್ಕೆ ಬಣ್ಣ

ಹೋದ ವರ್ಷ ಒಂದು ಮಂಗಳವಾರ ಮಗಳು ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ಬುಕ್ ಬ್ಯಾಗನ್ನು ಸೋಫಾ ಮೇಲೆ ಎಸೆದು, ಶೂ ಕೂಡ ಬಿಚ್ಚದೆ ಕೂತಳು. ಏನಾಯ್ತು ಅಂತ ಕೇಳಿದರೆ ಉತ್ತರವಿಲ್ಲ. ಎರಡು ಬಿಸ್ಕತ್ತು, ಒಂದು ಲೋಟ ಹಾಲು ಒಳಗೆ ಹೋದ ಮೇಲೆ ವಿಷಯ ಹೊರಗೆ ಬಂತು. ಅವಳಿಗೆ ಬೇಕಿದ್ದ ಪುಸ್ತಕವನ್ನು ಶಾಲೆಯಲ್ಲಿ ಕೊಡಲಿಲ್ಲವಂತೆ. ಕಷ್ಟವಾಗುತ್ತದೆ ಅಂತಲ್ಲ, ತೀರಾ ಸುಲಭವಾಯಿತು ಅಂತ.

"ಅದು ಟರ್ಕ್ವಾಯ್ಸ್ ಅಪ್ಪಾ. ನಾನು ಲೈಮ್. ಕೆಳಗೆ ಹೋಗೋ ಹಾಗಿಲ್ಲ."

ಈ ಮಾತು ಅರ್ಥವಾಗಬೇಕಾದರೆ ಇಂಗ್ಲೆಂಡಿನ ಪ್ರೈಮರಿ ಶಾಲೆಗೆ ಮಕ್ಕಳನ್ನು ಕಳಿಸಿರಬೇಕು. ಇಲ್ಲಿ ಮಕ್ಕಳು ಓದಲು ಮನೆಗೆ ತರುವ ಪುಸ್ತಕಗಳಿಗೆ ಬಣ್ಣ ಇರುತ್ತದೆ. ಬೆನ್ನಿನ ಮೇಲೆ ಬೆರಳಗಲದ ಸ್ಟಿಕ್ಕರ್. ಪಿಂಕ್‌ನಿಂದ ಶುರುವಾಗಿ ಕೆಂಪು, ಹಳದಿ, ನೀಲಿ, ಹಸಿರು, ಕಿತ್ತಳೆ, ಟರ್ಕ್ವಾಯ್ಸ್, ನೇರಳೆ, ಗೋಲ್ಡ್, ವೈಟ್, ಲೈಮ್. ಅಲ್ಲಿಗೂ ಮುಗಿಯುವುದಿಲ್ಲ, ಎಷ್ಟೋ ಶಾಲೆಗಳಲ್ಲಿ ಮುಂದೆ ಬ್ರೌನ್, ಗ್ರೇ ಅಂತ ಇನ್ನೂ ಇದೆ. ಎಲ್ಲ ಬಣ್ಣ ದಾಟಿದ ಮಗುವಿಗೆ ಒಂದು ಬಿರುದು ಸಿಗುತ್ತದೆ: ಫ್ರೀ ರೀಡರ್. ಅಂದರೆ ಇನ್ನು ಮೇಲೆ ಬೇಕಾದ್ದನ್ನು ಓದಬಹುದು. ಏಳೆಂಟು ವರ್ಷದ ಮಕ್ಕಳು "ನಾನು ಫ್ರೀ ರೀಡರ್ ಆದೆ" ಅಂತ ಹೇಳುವುದನ್ನು ಕೇಳಿದರೆ ಜೈಲಿನಿಂದ ಬಿಡುಗಡೆಯಾದ ಹಾಗೆ ಇರುತ್ತದೆ.

ನಾವು ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ಗೆ ಬಂದು 11 ವರ್ಷವಾಯಿತು. ಮಗಳು ಶಾಲೆಗೆ ಸೇರಿದ ಹೊಸದರಲ್ಲಿ ಗೇಟಿನ ಹತ್ತಿರ ಒಬ್ಬ ತಾಯಿ ನನ್ನನ್ನು "ನಿಮ್ಮವಳು ಯಾವ ಬಣ್ಣ?" ಅಂತ ಕೇಳಿದಾಗ ಬೆಚ್ಚಿಬಿದ್ದಿದ್ದೆ. ಆಮೇಲೆ ಗೊತ್ತಾಯಿತು, ಅದು ಪುಸ್ತಕದ ಬಣ್ಣ. ಅಷ್ಟೇ ಅಲ್ಲ, ಇಲ್ಲಿನ ಅಪ್ಪ ಅಮ್ಮಂದಿರ ಪಾಲಿಗೆ ಅದು ನಮ್ಮೂರಿನ ರ‍್ಯಾಂಕು. ಬಾಯಲ್ಲಿ ಹೋಲಿಕೆ ಬೇಡ ಅನ್ನುತ್ತಾರೆ, ಕಣ್ಣು ಮಾತ್ರ ಪಕ್ಕದ ಮಗುವಿನ ಸ್ಟಿಕ್ಕರ್ ಮೇಲೆ.

ಮಗಳು ಕೇಳಿದ್ದು ಎರಡು ವರ್ಷದ ಹಿಂದೆ ಓದಿದ್ದ ಒಂದು ಕರಡಿಯ ಕಥೆ. ಅವತ್ತು ಮಳೆ ಬರುತ್ತಿತ್ತಂತೆ, ಅದನ್ನೇ ಮತ್ತೆ ಓದಬೇಕು ಅನಿಸಿತಂತೆ. ಅಷ್ಟೇ. ಊರಿಗೆ ಹೋದಾಗ ನಾನು ಹಳೇ ಚಂದಮಾಮದ ಕಟ್ಟು ಹುಡುಕುವುದಿಲ್ಲವಾ? ಅದನ್ನು ಯಾರೂ ಹಿಂದಕ್ಕೆ ಹೋಗುವುದು ಅನ್ನುವುದಿಲ್ಲ.

ಆ ರಾತ್ರಿ ನನಗೆ ನಮ್ಮ ಶಾಲೆಯ ಬೀರು ನೆನಪಾಯಿತು.

ನಾನು ಓದಿದ್ದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ. 1991ರ ಸುಮಾರಿಗೆ ಐದನೇ ಕ್ಲಾಸು. ಹೆಡ್ಮೇಷ್ಟ್ರ ರೂಮಿನಲ್ಲಿ ಹಸಿರು ಬಣ್ಣದ ಕಬ್ಬಿಣದ ಬೀರು ಇತ್ತು. ಅದರ ಮೇಲೆ ಒಂದು ಗ್ಲೋಬು, ಗ್ಲೋಬಿನ ಮೇಲೆ ಒಂದು ಪದರ ಧೂಳು. 1987ರಲ್ಲಿ ಕೇಂದ್ರ ಸರ್ಕಾರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಶುರು ಮಾಡಿ, ಹಳ್ಳಿ ಶಾಲೆಗಳಿಗೆ ಕೋಣೆ, ಇನ್ನೊಬ್ಬ ಮೇಷ್ಟ್ರು, ಗಣಿತದ ಕಿಟ್ಟು, ಭೂಪಟಗಳ ಜೊತೆಗೆ ಪುಸ್ತಕಗಳನ್ನೂ ಕೊಟ್ಟಿತ್ತು. ನಮ್ಮ ಬೀರುವಿಗೆ ಪುಸ್ತಕ ಬಂದದ್ದು ಹಾಗೇ ಇರಬೇಕು. ಆಗ ನಮಗೆ ಗೊತ್ತಿದ್ದದ್ದು ಇಷ್ಟೇ: ಒಳಗೆ ಪುಸ್ತಕ ಇದೆ, ಬೀಗದ ಕೈ ಹೆಡ್ಮೇಷ್ಟ್ರ ಜೇಬಿನಲ್ಲಿದೆ.

ಮೇಷ್ಟ್ರು ಕೆಟ್ಟವರಾಗಿರಲಿಲ್ಲ. ಮಧ್ಯಾಹ್ನ ಡಬ್ಬಿ ತರದ ಹುಡುಗರಿಗೆ ತಮ್ಮ ಡಬ್ಬಿಯಿಂದ ಕೊಡುತ್ತಿದ್ದರು. ಆದರೆ ಪುಸ್ತಕ ಕೊಡುತ್ತಿರಲಿಲ್ಲ. ಯಾಕೆಂದರೆ ಪುಸ್ತಕ ರಿಜಿಸ್ಟರಿನಲ್ಲಿತ್ತು. ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಆ ರಿಜಿಸ್ಟರಿನ ಹೆಸರು ಗೊತ್ತಿರುತ್ತದೆ. ಬೆಂಚು, ಕುರ್ಚಿ, ಗಂಟೆ, ಬಕೆಟ್ಟು ಎಲ್ಲ ಬರೆದಿಡುವ ಡೆಡ್ ಸ್ಟಾಕ್ ರಿಜಿಸ್ಟರ್. ಒಂದು ಪುಸ್ತಕ ಕಳೆದರೆ ಉತ್ತರ ಹೇಳಬೇಕಾದವರು ಮೇಷ್ಟ್ರು, ಕೈಯಿಂದ ದುಡ್ಡು ಕಟ್ಟಬೇಕಾದೀತು ಅನ್ನುವ ಭಯವೂ ಅವರದ್ದೇ. ಯಾರೂ ಓದದಿದ್ದರೆ ಮಾತ್ರ ಯಾರೂ ಏನೂ ಕೇಳುವುದಿಲ್ಲ. ಇಂಥ ಲೆಕ್ಕದಲ್ಲಿ ನಾನೇ ಹೆಡ್ಮೇಷ್ಟ್ರಾಗಿದ್ದರೂ ಬೀಗ ಹಾಕುತ್ತಿದ್ದೆನೋ ಏನೋ.

ಬೀರು ನನ್ನ ಪಾಲಿಗೆ ತೆರೆದದ್ದು ಒಂದೇ ಸಲ, ಅದೂ ಗೆದ್ದಲಿನ ದಯೆಯಿಂದ. ಗೋಡೆ ಹತ್ತಿ ಬಂದ ಗೆದ್ದಲು ಹಿಂದಿನ ತೂತಿನಿಂದ ಒಳಗೆ ನುಗ್ಗಿತ್ತು. ನನ್ನನ್ನೂ ಇನ್ನಿಬ್ಬರು ಹುಡುಗರನ್ನೂ ಕರೆದು, ಪುಸ್ತಕ ಎಲ್ಲ ಹೊರಗೆ ತಂದು ಬಿಸಿಲಿಗೆ ಹರಡಿ ಅಂದರು. ಅಂಗಳದಲ್ಲಿ ಗೋಣಿಚೀಲ ಹಾಸಿ ಹರಡಿದೆವು. ಕಾಗೆ ಓಡಿಸಲು ಸಂಡಿಗೆ ಕಾಯುವ ಹಾಗೆ ನನ್ನನ್ನು ಅಲ್ಲೇ ನಿಲ್ಲಿಸಿದರು. ಪುಸ್ತಕವನ್ನು ಯಾವ ಕಾಗೆ ತಿನ್ನುತ್ತದೆ ಅಂತ ನಾನು ಕೇಳಲಿಲ್ಲ. ಸುಮಾರು ನೂರು ಪುಸ್ತಕ, ಬಿಸಿಲು, ಮೇಷ್ಟ್ರು ಒಳಗೆ. ಜೀವನದಲ್ಲಿ ಮೊದಲ ಸಲ ನಾನು ಆರಿಸಬಹುದಾಗಿತ್ತು.

ಹೇಗೆ ಆರಿಸಿದೆ ಅಂತ ಈಗಲೂ ನೆನಪಿದೆ. ಮೊದಲು ಚಿತ್ರ ಇರುವುದನ್ನು ಬೇರೆ ಮಾಡಿದೆ. ಅದರಲ್ಲಿ ನೀತಿ ಹೇಳುವ ಮುಖದ ಅಜ್ಜಂದಿರ ಚಿತ್ರ ಇದ್ದದ್ದನ್ನು ಆಚೆ ಸರಿಸಿದೆ. ಕೊನೆಗೆ ಉಳಿದದ್ದರಲ್ಲಿ ಸಮುದ್ರದ ಚಿತ್ರ ಇದ್ದದ್ದನ್ನು ತೆಗೆದೆ. ಸಮುದ್ರವನ್ನು ನಾನು ನೋಡಿಯೇ ಇರಲಿಲ್ಲ. ಒಬ್ಬ ಹುಡುಗ ದೋಣಿಯಲ್ಲಿ ಒಬ್ಬನೇ ಸಿಕ್ಕಿಹಾಕಿಕೊಳ್ಳುವ ಕಥೆ. ನಿಂತೇ ಓದಿದೆ. ಕೊನೆಯ ನಾಲ್ಕೈದು ಹಾಳೆಯನ್ನು ಗೆದ್ದಲು ನನಗಿಂತ ಮೊದಲೇ ಓದಿ ಮುಗಿಸಿತ್ತು. ಆ ಹುಡುಗ ದಡ ಸೇರಿದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಪುಸ್ತಕದ ಹೆಸರೂ ನೆನಪಿಲ್ಲ, ಹಾಗಾಗಿ ಹುಡುಕುವ ಹಾಗೂ ಇಲ್ಲ.

ಆರಿಸುವುದನ್ನು ನಿಜವಾಗಿ ಕಲಿಸಿದವರು ನಮ್ಮ ಚಿಕ್ಕಮ್ಮ. ಅವರು ತಿಪಟೂರಿನಲ್ಲಿದ್ದರು. ಬೇಸಿಗೆ ರಜೆಗೆ ನಾನು ಅಲ್ಲಿಗೆ ಹೋದರೆ ನನ್ನ ಕೆಲಸ, ಪೇಟೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಅವರಿಗೆ ಕಾದಂಬರಿ ತರುವುದು. ದಿನಕ್ಕೆ 50 ಪೈಸೆ ಬಾಡಿಗೆ. ಓದಿದ್ದನ್ನೇ ಮತ್ತೆ ತಂದರೆ ಬೈಗುಳ. ಅದಕ್ಕೆ ಅವರೇ ಒಂದು ಉಪಾಯ ಮಾಡಿದ್ದರು. ಓದಿ ಮುಗಿಸಿದ ಪುಸ್ತಕದ 20ನೇ ಪುಟದಲ್ಲಿ, ಪುಟಸಂಖ್ಯೆಯ ಕೆಳಗೆ, ಪೆನ್ಸಿಲ್ಲಿನಿಂದ ಸಾಸಿವೆಯಷ್ಟು ಚುಕ್ಕೆ. ನಾನು ಅಂಗಡಿಯಲ್ಲಿ ಮೊದಲು 20ನೇ ಪುಟ ತೆಗೆಯುತ್ತಿದ್ದೆ. ಎಷ್ಟೋ ಪುಸ್ತಕಗಳಲ್ಲಿ ಚುಕ್ಕೆ, ಅಡ್ಡಗೆರೆ, ಪುಟ್ಟ ನಕ್ಷತ್ರ ಎಲ್ಲ ಇರುತ್ತಿದ್ದವು. ಪೇಟೆಯ ಅಷ್ಟೂ ಹೆಂಗಸರು ಇದೇ ದಾರಿ ಹಿಡಿದಿದ್ದರು! ಬ್ರಿಟನ್ನಿನ ಲೈಬ್ರರಿಗಳಲ್ಲೂ ವಯಸ್ಸಾದ ಓದುಗರು ಯಾವುದೋ ಒಂದು ಪುಟದ ಸಂಖ್ಯೆಗೆ ಗುಟ್ಟಾಗಿ ಗುರುತು ಹಾಕುತ್ತಾರೆ ಅಂತ ಇಲ್ಲಿಗೆ ಬಂದ ಮೇಲೆ ಓದಿದಾಗ ತುಂಬಾ ಖುಷಿಯಾಯಿತು.

"ಮೊದಲ ಪುಟ ಓದು, ನಡುವೆ ಎಲ್ಲಾದರೂ ಒಂದು ಪುಟ ಓದು. ಆ ಎರಡರ ಮಧ್ಯೆ ಏನಾಯ್ತು ಅಂತ ತಿಳ್ಕೊಳ್ಳಬೇಕು ಅನಿಸಿದ್ರೆ ತಗೊಂಡು ಬಾ" ಅನ್ನುತ್ತಿದ್ದರು ಚಿಕ್ಕಮ್ಮ. ಏಳನೇ ಕ್ಲಾಸಿಗೆ ಓದು ಬಿಟ್ಟವರು. ಪುಸ್ತಕ ಆರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ.

ಇಲ್ಲಿನ ಶಾಲೆಯಲ್ಲಿ ಐದು ಬೆರಳಿನ ಲೆಕ್ಕ ಹೇಳಿಕೊಡುತ್ತಾರೆ. ಒಂದು ಪುಟ ತೆಗೆದು ಓದಬೇಕು. ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚಬೇಕು. ಐದೂ ಮಡಚಿದರೆ ಪುಸ್ತಕ ನಿನಗೆ ಕಷ್ಟ, ಇಡು. ಕೆಟ್ಟ ಉಪಾಯವೇನಲ್ಲ, ಕನಿಷ್ಠ ಬೆರಳು ಮಗುವಿನದ್ದೇ. ಆದರೆ ನಮ್ಮ ಅಜ್ಜ ಜಗಲಿಯಲ್ಲಿ ಕೂತು ಭಾರತ ಓದುವಾಗ ನಾನು ಈ ಲೆಕ್ಕ ಹಿಡಿದಿದ್ದರೆ, ಕೈಬೆರಳು ಕಾಲ್ಬೆರಳು ಎರಡೂ ಮುಗಿದು ಪಕ್ಕದಲ್ಲಿ ಕೂತವನ ಬೆರಳೂ ಸಾಲುತ್ತಿರಲಿಲ್ಲ. ಆದರೂ ನಾನು ಎದ್ದು ಹೋಗಲಿಲ್ಲ.

ಹಾಗಂತ ಬಣ್ಣದ ಪದ್ಧತಿಯನ್ನು ಸುಮ್ನೆ ಬೈದುಬಿಟ್ಟರೆ ತಪ್ಪಾಗುತ್ತದೆ. ಅದಕ್ಕೊಂದು ಕಾರಣ ಇದೆ, ಆ ಕಾರಣ ಇಂಗ್ಲಿಷಿನ ಹೊಟ್ಟೆಯಲ್ಲೇ ಇದೆ. ದೋ, ಥ್ರೂ, ಟಫ್. ಉಚ್ಚಾರ ಮೂರು ಥರ. ಬರೆಯುವಾಗ ಮೂರರ ಕೊನೆಗೂ ಅದೇ ನಾಲ್ಕು ಅಕ್ಷರ, ough. ಇಂಥ ಭಾಷೆಯನ್ನು ಐದು ವರ್ಷದ ಮಗುವಿಗೆ ಓದಲು ಕಲಿಸುವುದು ತಮಾಷೆಯಲ್ಲ. ಅದಕ್ಕೇ ಫೋನಿಕ್ಸ್ ಅಂತ, ಅಂದರೆ ಅಕ್ಷರಕ್ಕೆ ಧ್ವನಿ ಹೊಂದಿಸಿ ಓದಿಸುವುದಕ್ಕೆ, ಅಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. 2012ರಿಂದ ಇಂಗ್ಲೆಂಡಿನಲ್ಲಿ ಇಯರ್ 1ರ, ಅಂದರೆ ಐದಾರು ವರ್ಷದ ಮಕ್ಕಳಿಗೆ ಇದಕ್ಕೇ ಒಂದು ಪರೀಕ್ಷೆ ಇದೆ. 40 ಪದ ಓದಬೇಕು, ಅದರಲ್ಲಿ 20 ಪದಕ್ಕೆ ಅರ್ಥವೇ ಇಲ್ಲ. ಊಹಿಸಿ ಓದಬಾರದು, ಅಕ್ಷರ ನೋಡಿಯೇ ಓದಬೇಕು ಅಂತ ಬೇಕೆಂದೇ ಕಟ್ಟಿದ ಪದಗಳು. ಅವಕ್ಕೆ ಪಕ್ಕದಲ್ಲಿ ಒಂದು ವಿಚಿತ್ರ ಪ್ರಾಣಿಯ ಚಿತ್ರ. ಹೀಗೆ ಕಲಿಯುವ ಹಂತದಲ್ಲಿ ಮಗುವಿನ ಕೈಗೆ ಅದು ಕಲಿತ ಧ್ವನಿಗಳಷ್ಟೇ ಇರುವ ಪುಸ್ತಕ ಕೊಡುವುದು ನ್ಯಾಯವೇ. ಈಜು ಕಲಿಯುವವನನ್ನು ಮೊದಲ ದಿನವೇ ಬಾವಿಗೆ ತಳ್ಳುವುದಿಲ್ಲ ಅಲ್ವಾ.

ಕನ್ನಡದ ಕಥೆ ಬೇರೆ. ವರ್ಣಮಾಲೆ, ಕಾಗುಣಿತ, ಒತ್ತಕ್ಷರ ದಾಟಿದರೆ ಆಯಿತು. ಅರ್ಥವಾಗಲಿ ಬಿಡಲಿ, ಮೂರನೇ ಕ್ಲಾಸಿನ ಹುಡುಗ ಪತ್ರಿಕೆಯ ಮುಖಪುಟವನ್ನು ಗಟ್ಟಿಯಾಗಿ ಓದಿಬಿಡಬಲ್ಲ. ನಮಗೆ ಬಣ್ಣ ಬೇಕೇ ಬೇಕು ಅಂದರೆ ಎರಡು ಸಾಕು: ಒತ್ತಕ್ಷರ ಇಲ್ಲದ್ದು, ಇರುವುದು. ಇಂಗ್ಲಿಷಿಗೆ ಹತ್ತು ಮೆಟ್ಟಿಲು ಬೇಕಾದ್ದು ಆ ಭಾಷೆಯ ಕಾಗುಣಿತದ ಕರ್ಮ. ಆ ಕರ್ಮವನ್ನು ಹನ್ನೊಂದು, ಹನ್ನೆರಡು ವರ್ಷದವರೆಗೂ ಎಳೆದುಕೊಂಡು ಹೋಗುವುದು ಯಾಕೆ ಅನ್ನುವುದೇ ನನ್ನ ತಕರಾರು. ಓದಲು ಬಂದಾಯಿತು. ಇನ್ನು ಏನು ಓದಬೇಕು ಅನ್ನುವುದನ್ನು ಕಲಿಯಬೇಕು. ಅದನ್ನು ಕಲಿಯುವುದಕ್ಕೆ ನಾಲ್ಕು ಪುಸ್ತಕ ತಪ್ಪಾಗಿ ತಂದು, ಹತ್ತು ಪುಟ ಓದಿ, ಆಚೆ ಇಡಲೇಬೇಕು.

ನಮ್ಮ ಸ್ನೇಹಿತರ ಮಗನೊಬ್ಬ ಹೈಸ್ಕೂಲಿನ ಮೊದಲ ವರ್ಷದಲ್ಲಿದ್ದಾನೆ. ಅವನ ಶಾಲೆಯಲ್ಲಿ ಬಣ್ಣ ಹೋಗಿ ಅಂಕೆ ಬಂದಿದೆ. ಕಂಪ್ಯೂಟರ್ ಪರೀಕ್ಷೆ ಮಾಡಿ, ಇಂತಿಷ್ಟರಿಂದ ಇಂತಿಷ್ಟರವರೆಗೆ ನಿನ್ನ ವಲಯ ಅಂತ ದಶಾಂಶದಲ್ಲಿ ಹೇಳುತ್ತದೆ. ಆ ವಲಯದ ಪುಸ್ತಕ ಓದಿ, ಮತ್ತೆ ಕಂಪ್ಯೂಟರ್ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ, ಆ ಪುಸ್ತಕದಲ್ಲಿ ಎಷ್ಟು ಪದ ಇವೆಯೋ ಅಷ್ಟು ಖಾತೆಗೆ ಜಮಾ. ಹತ್ತು ಲಕ್ಷ ಪದ ದಾಟಿದವರ ಫೋಟೋ ಗೋಡೆಗೆ. ಹುಡುಗ ಜಾಣ. ಲೈಬ್ರರಿಯಲ್ಲಿ ಪುಸ್ತಕದ ಹೆಸರೇ ನೋಡುವುದಿಲ್ಲ, ದಪ್ಪ ನೋಡುತ್ತಾನೆ. ಒಮ್ಮೆ ನಮ್ಮ ಮನೆಗೆ ಬಂದಾಗ ಒಂದು ಕಡಲ್ಗಳ್ಳರ ಕಥೆ ತೋರಿಸಿದೆ. ಚೆನ್ನಾಗಿದೆ, ತಗೊಂಡು ಹೋಗು ಅಂದೆ. ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ: "ಅಂಕಲ್, ಇದಕ್ಕೆ ಕ್ವಿಜ್ ಇದೆಯಾ?" ಇಲ್ಲಪ್ಪ, ಹಳೇ ಪುಸ್ತಕ ಅಂದೆ. ಮರ್ಯಾದೆಯಿಂದ ಮೇಜಿನ ಮೇಲೆ ಇಟ್ಟುಬಿಟ್ಟ. ಅವನ ತಪ್ಪಲ್ಲ. ಕೂಲಿ ಸಿಗದ ಕೆಲಸ ಯಾರು ಮಾಡುತ್ತಾರೆ?

ಈ ಅಂಕೆಗಳಿಗೂ ಕಥೆಗೂ ಎಷ್ಟು ಸಂಬಂಧ ಅನ್ನುವುದಕ್ಕೆ ಅಮೆರಿಕದ ಒಂದು ಉದಾಹರಣೆ ಸಾಕು. ಅಲ್ಲಿ ಲೆಕ್ಸೈಲ್ ಅನ್ನುವ ಅಳತೆ ಜಾಸ್ತಿ ಬಳಕೆಯಲ್ಲಿದೆ. ವಾಕ್ಯದ ಉದ್ದ, ಪದ ಎಷ್ಟು ಬಳಕೆಯದ್ದು ಅನ್ನುವುದರ ಮೇಲೆ ಲೆಕ್ಕ. ಹಂದಿಮರಿಯೊಂದನ್ನು ಜೇಡವೊಂದು ಉಳಿಸುವ, ಎಂಟು ವರ್ಷದ ಮಕ್ಕಳು ಓದುವ ಷಾರ್ಲಟ್ಸ್ ವೆಬ್‌ಗೂ ಅದರಲ್ಲಿ 680. ಬರಗಾಲದಲ್ಲಿ ನೆಲ ಕಳೆದುಕೊಂಡು ಗುಳೆ ಹೋಗುವ ಕುಟುಂಬದ ಕಥೆ, ಸ್ಟೈನ್‌ಬೆಕ್‌ನ 1939ರ ದ ಗ್ರೇಪ್ಸ್ ಆಫ್ ರಾಥ್‌ಗೂ 680. ವಾಕ್ಯಗಳು ಚಿಕ್ಕವು, ಅದಕ್ಕೆ. ಪುಸ್ತಕಗಳಿಗೆ ಹೀಗೆ ಮಟ್ಟದ ಚೀಟಿ ಅಂಟಿಸಿ ಮಕ್ಕಳ ಆಯ್ಕೆಗೆ ಗೆರೆ ಹಾಕಬೇಡಿ ಅಂತ ಅಮೆರಿಕದ ಶಾಲಾ ಗ್ರಂಥಪಾಲಕರ ಸಂಘವೇ 2011ರಲ್ಲಿ ಹೇಳಿತ್ತು. ಪುಸ್ತಕಗಳನ್ನು ಎ ಯಿಂದ ಝಡ್ ತನಕ ವಿಂಗಡಿಸಿದ ಫೌಂಟಸ್ ಮತ್ತು ಪಿನೆಲ್ ಅನ್ನುವ ಇಬ್ಬರು ಶಿಕ್ಷಣತಜ್ಞೆಯರೂ, ಇದು ಮೇಷ್ಟ್ರ ಉಪಯೋಗಕ್ಕೆ, ಮಗುವಿನ ಹಣೆಗೆ ಅಂಟಿಸುವುದಕ್ಕಲ್ಲ ಅಂತ ಎಷ್ಟೋ ಸಲ ಹೇಳಿದ್ದಾರೆ. ಹಣೆಗೇ ಅಂಟಿಸಿದರು.

ಇಲ್ಲಿ ನನಗೆ ನಿಜವಾಗಿ ಇಷ್ಟವಾದ ಜಾಗ ಊರಿನ ಲೈಬ್ರರಿ. ಕ್ರಾಯ್ಡನ್‌ನ ಗಡಿಯಾರ ಗೋಪುರದ ಕಟ್ಟಡದಲ್ಲಿರುವ ದೊಡ್ಡ ಲೈಬ್ರರಿಗೆ ಶನಿವಾರ ಹೋಗುತ್ತೇವೆ. ಕಾರ್ಡಿಗೆ ದುಡ್ಡಿಲ್ಲ. ಮಗಳು ನೆಲದ ಮೇಲೆ ಮಂಡಿಯೂರಿ, ಒಂದೊಂದೇ ಎಳೆದು, ಮೂಸಿ, ತಿರುಗಿಸಿ, ಹನ್ನೆರಡು ಆರಿಸಿ ಒಂಬತ್ತು ವಾಪಸ್ ಇಡುತ್ತಾಳೆ. ಬೇಸಿಗೆ ರಜೆಯಲ್ಲಿ ಆರು ಪುಸ್ತಕ ಓದುವ ಪಂದ್ಯ ಇರುತ್ತದೆ, 1999ರಿಂದ ದೇಶದ ಉದ್ದಕ್ಕೂ ನಡೆಸುತ್ತಿದ್ದಾರೆ. ಯಾವ ಪುಸ್ತಕ ಅಂತ ಯಾರೂ ಕೇಳುವುದಿಲ್ಲ. ಆರು ಜೋಕಿನ ಪುಸ್ತಕ ಓದಿದರೂ ಮೆಡಲ್ಲು ಕೊಡುತ್ತಾರೆ. ಶಾಲೆಯಲ್ಲಿ ಲೈಮ್ ಆಗಿರುವ ಮಗು ಎರಡು ಬೀದಿ ದಾಟಿದರೆ ಬಣ್ಣವಿಲ್ಲದ ಓದುಗಾರ್ತಿ.

ಈ ಊರಿನ ಲೈಬ್ರರಿಗೂ ನಮಗೂ ಒಂದು ಹಳೇ ನಂಟಿದೆ. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಪಾಠ ಮಾಡಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದರು. ಕೂತು ಬೇಜಾರಾಗಿ, ನನ್ನನ್ನು ಪಾಠಕ್ಕೇ ವಾಪಸ್ ಕಳಿಸಿ ಅಂದರಂತೆ. ಮೊದಲು ಲಂಡನ್ನಿಗೆ ಹೋಗಿ ಈ ಕೆಲಸ ಕಲಿತು ಬನ್ನಿ ಅಂದರು ವಿಶ್ವವಿದ್ಯಾಲಯದವರು. ಅವರಿಗೆ ಕೆಲಸ ಹಿಡಿಸಿದ್ದು ಇಲ್ಲಿ. ಪಾಠ ಹೇಳಿದ ಬರ್ವಿಕ್ ಸೇಯರ್ಸ್ ಕ್ರಾಯ್ಡನ್ ಲೈಬ್ರರಿಯ ಮುಖ್ಯಸ್ಥರು. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಓದುಗರು ತಾವೇ ಕಪಾಟಿನ ಹತ್ತಿರ ಹೋಗಿ ಪುಸ್ತಕ ಮುಟ್ಟಿ ನೋಡಿ ಆರಿಸುವುದು ಶುರುವಾಗಿ ಮೂವತ್ತು ವರ್ಷವಾಗಿತ್ತಷ್ಟೇ. 1894ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್ ಲೈಬ್ರರಿಯಲ್ಲಿ ಮೊದಲು ಹಾಗೆ ಬಿಟ್ಟಾಗ, ಜನ ಪುಸ್ತಕ ಕದ್ದುಕೊಂಡು ಹೋಗುತ್ತಾರೆ ಅಂತ ಉಳಿದ ಲೈಬ್ರೇರಿಯನ್ನರು ಗಲಾಟೆ ಮಾಡಿದ್ದರು. ನಮ್ಮ ಹೆಡ್ಮೇಷ್ಟ್ರ ಭಯವೇ ಅವರದ್ದೂ! ರಂಗನಾಥನ್ ವಾಪಸ್ ಹೋಗಿ 1931ರಲ್ಲಿ ಐದು ಸೂತ್ರ ಬರೆದರು. ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ, ತೀರಿಕೊಂಡದ್ದೂ ಅಲ್ಲೇ, 1972ರಲ್ಲಿ.

ಅದೇ ಬೆಂಗಳೂರಿನಲ್ಲಿ ನನ್ನ ಅಕ್ಕನ ಮಗಳು ಓದುತ್ತಿದ್ದಾಳೆ. ಫೀಸು ಕೇಳಿದರೆ ಎದೆ ಹಿಡಿದುಕೊಳ್ಳಬೇಕು, ಅಂಥ ಶಾಲೆ. ಲೈಬ್ರರಿಗೆ ಎಸಿ ಇದೆ, ಬೀನ್ ಬ್ಯಾಗ್ ಇದೆ. ವಾರಕ್ಕೊಂದು ಲೈಬ್ರರಿ ಪೀರಿಯಡ್. ಪುಸ್ತಕ ಹೇಗೆ ಆರಿಸ್ತೀಯಾ ಅಂತ ಫೋನಿನಲ್ಲಿ ಕೇಳಿದೆ. "ಆರಿಸೋದಾ? ರೋಲ್ ನಂಬರ್ ಪ್ರಕಾರ ಕೊಡ್ತಾರೆ ಮಾಮ. ನಂದು 23. ಮೇಡಂ ಟೇಬಲ್ ಮೇಲೆ ಜೋಡಿಸಿರ್ತಾರೆ, 23ನೇ ಪುಸ್ತಕ ನಂಗೆ. ಮುಂದಿನ ವಾರ 22 ಓದಿದ್ದು ನಂಗೆ ಬರುತ್ತೆ." ಮುಟ್ಟಿ ಕಲೆಸಿದರೆ ಕಪಾಟು ಕೆಡುತ್ತದಂತೆ. ಬೀಗ ಹೋಯಿತು, ಬೀನ್ ಬ್ಯಾಗ್ ಬಂತು. ಇದರ ಮುಂದೆ ಇಲ್ಲಿನ ಬಣ್ಣ ಎಷ್ಟೋ ವಾಸಿ ಅನಿಸಿಬಿಟ್ಟಿತು. ಬಣ್ಣ ಹಾಕುವವರು ಕನಿಷ್ಠ ಮಗುವಿನ ಓದನ್ನು ಒಂದು ಸಲ ಕೇಳಿರುತ್ತಾರೆ.

ಊರಿನಲ್ಲಿ ಎಲ್ಲ ಹೀಗೇ ಇದೆ ಅಂದರೆ ಅದೂ ಸುಳ್ಳಾಗುತ್ತದೆ. ಮೆಟ್ಟಿಲು ಹತ್ತಿಸುವ ಪದ್ಧತಿ ನಮಗೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಕ್ಕಳು ಚಿತ್ರದ ಗುರುತಿರುವ ಕಾರ್ಡು ಹುಡುಕಿಕೊಂಡು ತಮ್ಮ ಪಾಡಿಗೆ ತಾವು ಏಣಿ ಹತ್ತುತ್ತಾರೆ. ಹಿಂದೆ ಉಳಿದ ಮಗುವನ್ನು ಅದು ನಾಚಿಸುವುದಿಲ್ಲ. ಪಂಚಾಯಿತಿ ಲೈಬ್ರರಿಗಳ ಕಥೆ ಇನ್ನೂ ಚೆನ್ನಾಗಿದೆ. 2020ರಲ್ಲಿ 'ಓದುವ ಬೆಳಕು' ಅಂತ ಶುರು ಮಾಡಿ, ಹಳ್ಳಿ ಮಕ್ಕಳಿಗೆ ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ ದುಡ್ಡಿಲ್ಲದೆ ಸದಸ್ಯತ್ವ ಕೊಟ್ಟರು. ಈಗ ಅವಕ್ಕೆ ಅರಿವು ಕೇಂದ್ರ ಅಂತ ಹೆಸರು. ಹೋದ ಸಲ ನಮ್ಮೂರಿಗೆ ಹೋದಾಗ ನೋಡಿದೆ. ಒಬ್ಬ ಹುಡುಗ, ಹತ್ತು ವರ್ಷ ಇರಬಹುದು, ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಪುಸ್ತಕವನ್ನು ತೊಡೆ ಮೇಲೆ ಹಾಕಿಕೊಂಡು ಗ್ರಹಗಳ ಚಿತ್ರ ಇರುವ ಒಂದೇ ಪುಟ ನೋಡುತ್ತಾ ಕೂತಿದ್ದ. ಅಲ್ಲಿದ್ದ ಮೇಲ್ವಿಚಾರಕಿ ಅವನನ್ನು ಎಬ್ಬಿಸಲಿಲ್ಲ. "ದಿನಾ ಅದನ್ನೇ ನೋಡ್ತಾನೆ ಸಾರ್, ನೋಡ್ಲಿ" ಅಂದರು. ಲಂಡನ್ನಿನ ಯಾವ ಶಾಲೆಗಾದರೂ ಅವರನ್ನು ಎರಡು ವಾರ ಕರೆತರಬೇಕು.

ಇಂಗ್ಲೆಂಡಿನಲ್ಲಿ ಜೈಲಿಗೆ ಲೈಬ್ರರಿ ಇರಲೇಬೇಕು ಅಂತ ನಿಯಮ ಇದೆ, ಶಾಲೆಗೆ ಅಂಥ ನಿಯಮ ಇಲ್ಲ. ಪ್ರತಿ ಪ್ರೈಮರಿ ಶಾಲೆಗೂ ಲೈಬ್ರರಿ ಕೊಡುತ್ತೇವೆ ಅಂತ ಸರ್ಕಾರ ಹೇಳಿದ್ದು 2025ರಲ್ಲಿ. ಅದೇ ವರ್ಷ ಇಲ್ಲಿನ ನ್ಯಾಷನಲ್ ಲಿಟರಸಿ ಟ್ರಸ್ಟ್ ಕೇಳಿದಾಗ, 8ರಿಂದ 18 ವರ್ಷದವರಲ್ಲಿ ಬಿಡುವಿನಲ್ಲಿ ಓದುವುದು ಖುಷಿ ಅಂದವರು ಮೂವರಲ್ಲಿ ಒಬ್ಬರು. ಇಪ್ಪತ್ತು ವರ್ಷದಲ್ಲೇ ಕಡಿಮೆ. ಎಲ್ಲರೂ ಫೋನನ್ನು ಬೈಯುತ್ತಾರೆ. ಫೋನಿನ ಪಾಲು ಇದ್ದೇ ಇದೆ. ಆದರೆ ಫೋನು ಯಾರಿಗೂ ನೀನು ಲೈಮ್, ಇದನ್ನು ಮುಟ್ಟಬೇಡ ಅನ್ನುವುದಿಲ್ಲ ಅನ್ನುವುದೂ ನಿಜ.

ಕೆಲವು ಶಾಲೆಗಳು ಒಂದು ಜಾಣ ದಾರಿ ಕಂಡುಕೊಂಡಿವೆ. ವಾರಕ್ಕೆ ಎರಡು ಪುಸ್ತಕ. ಒಂದು ಬಣ್ಣದ್ದು, ಅಭ್ಯಾಸಕ್ಕೆ. ಇನ್ನೊಂದು ಮಗು ಆರಿಸಿದ್ದು, ಯಾವುದಾದರೂ ಸರಿ. ಆ ಎರಡನೆಯದನ್ನು ಓದಲು ಬರದಿದ್ದರೆ ಅಪ್ಪ ಅಮ್ಮ ಓದಿ ಹೇಳಲಿ. ನಾನು ಮಗಳ ಟೀಚರ್ ಹತ್ತಿರ ಇದನ್ನೇ ಕೇಳಿದೆ. ಒಳ್ಳೆಯ ಹುಡುಗಿ, ಮೊದಲ ವರ್ಷದ ಕೆಲಸ. "ನನಗೂ ಆಸೆ, ಆದರೆ ಯಾರು ಎಲ್ಲಿದ್ದಾರೆ ಅಂತ ನಾನು ಲೆಕ್ಕ ತೋರಿಸಬೇಕು" ಅಂದಳು. ನನಗೆ ಹಸಿರು ಬೀರು ಕಣ್ಣ ಮುಂದೆ ಬಂತು. ಇಲ್ಲೂ ಒಂದು ರಿಜಿಸ್ಟರ್ ಇದೆ. ಆಗ ಅದರಲ್ಲಿ ಪುಸ್ತಕ ಇತ್ತು, ಈಗ ಮಗು ಇದೆ.

ಲೆಕ್ಕ ನಮಗೂ ಇದೆ. ರೀಡಿಂಗ್ ರೆಕಾರ್ಡ್ ಅಂತ ಒಂದು ಪುಟ್ಟ ನೋಟ್‌ಬುಕ್ಕು. ದಿನಾ ರಾತ್ರಿ ಮಗು ಓದಿದ್ದನ್ನು ಕೇಳಿ, ಪುಸ್ತಕದ ಹೆಸರು, ಪುಟ, ಒಂದು ಮಾತು ಬರೆದು ಸಹಿ ಹಾಕಬೇಕು. ಭಾನುವಾರ ರಾತ್ರಿ ಇಡೀ ವಾರದ ಸಹಿಯನ್ನು ಬೇರೆ ಬೇರೆ ಪೆನ್ನಿನಲ್ಲಿ ಹಾಕಿದ ಪಾಪ ನನ್ನ ತಲೆ ಮೇಲೂ ಇದೆ.

ಕೊನೆಗೆ ಕನ್ನಡದ ವಿಷಯ. ಶನಿವಾರದ ಕನ್ನಡ ತರಗತಿಯಲ್ಲಿ ಮಗಳು ಅಕ್ಷರ ಕಲಿತಿದ್ದಾಳೆ. ತೊಂದರೆ ಏನೆಂದರೆ, ಅವಳ ಕನ್ನಡ ಓದಿಗೆ ವಯಸ್ಸು ಐದು, ಅವಳಿಗೆ ಎಂಟು. ಅವಳು ಓದಬಲ್ಲ ಪುಸ್ತಕದಲ್ಲಿ 'ಆನೆ ಬಂತು' ಅಂತ ಇರುತ್ತದೆ. ಆನೆ ಬಂದರೆ ಬರಲಿ ಅಂತ ಅವಳು. ನಾನು ಪ್ರತಿ ಸಲ ಊರಿಂದ ಬರುವಾಗ 23 ಕಿಲೋ ಲಗೇಜಿನಲ್ಲಿ ಚಟ್ನಿಪುಡಿ, ಹುರಿಹಿಟ್ಟಿನ ಮಧ್ಯೆ ಒಳ್ಳೊಳ್ಳೆ ಕಥೆ ಪುಸ್ತಕ ಆರಿಸಿ ತರುತ್ತಿದ್ದೆ. ಒಂದನ್ನೂ ಅವಳು ಮುಗಿಸಿಲ್ಲ.

ಡಿಸೆಂಬರಿನಲ್ಲಿ ಅವೆನ್ಯೂ ರೋಡಿನ ಅಂಗಡಿಗೆ ಅವಳನ್ನೇ ಕರೆದುಕೊಂಡು ಹೋದೆ. ತಾತನೂ ಬಂದಿದ್ದರು. ತಾತ ನೀತಿಕಥೆಯ ಒಂದು ಕಟ್ಟು ಎತ್ತಿಕೊಂಡರು. ನಾನು ಒತ್ತಕ್ಷರ ಕಡಿಮೆ ಇರುವುದನ್ನು ಹುಡುಕುತ್ತಿದ್ದೆ. ಅವಳು ನಮ್ಮಿಬ್ಬರನ್ನೂ ಬಿಟ್ಟು ಮೂಲೆಯ ರಾಶಿಯಿಂದ ಕರ್ನಾಟಕದ ಹಾವುಗಳ ಬಗ್ಗೆ ದೊಡ್ಡವರಿಗೆ ಬರೆದ ಒಂದು ಪುಸ್ತಕ ಎಳೆದಳು. ರಟ್ಟಿನ ಮೇಲೆ ಹೆಡೆ ಎತ್ತಿದ ನಾಗರ. "ಇದು" ಅಂದಳು. "ಅಯ್ಯೋ, ಕಷ್ಟ ಕಣೇ, ಓದಕ್ಕಾಗಲ್ಲ" ಅಂದೆ. ಬಾಯಿಂದ ಬಂದ ಮೇಲೆ ನಾಲಿಗೆ ಕಚ್ಚಿಕೊಂಡೆ. 120 ರೂಪಾಯಿ ಕೊಟ್ಟು ತಂದೆವು.

ಕ್ರಾಯ್ಡನ್‌ಗೆ ಬಂದು ಒಂದು ತಿಂಗಳು ಅದು ಶೆಲ್ಫಿನಲ್ಲೇ ಇತ್ತು. ಆಮೇಲೆ ಒಂದು ಸಂಜೆ ನಾನು ಒಗ್ಗರಣೆ ಹಾಕುವಾಗ ಅಡುಗೆಮನೆಯ ನೆಲದ ಮೇಲೆ ಕೂತು ಶುರು ಮಾಡಿದಳು. "ಕ... ಟ್... ಟು... ಕಟ್ಟುಹಾವು. ಅಪ್ಪಾ, ಕಟ್ಟು ಅಂದ್ರೆ ಟೈ ಮಾಡೋದಾ?" ಅಲ್ಲಮ್ಮ, ಮೈ ಮೇಲೆ ಪಟ್ಟೆ ಪಟ್ಟೆ ಇರುತ್ತಲ್ಲ, ಅದಕ್ಕಿರಬೇಕು ಅಂದೆ. ಮುಂದಿನ ಪುಟ. "ಕೊ... ಳ... ಕು..." ನಿಂತಳು. ನಗು ಶುರುವಾಯಿತು. "ಕೊಳಕುಮಂಡಲ! ಅಮ್ಮಾ, ಡರ್ಟಿ ಹಾವು!" ಆ ಒಂದು ಪುಟಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಬೆರಳಿನ ಲೆಕ್ಕ ಹಾಕಿದ್ದರೆ ಅವಳ ಎರಡು ಕೈ, ನನ್ನ ಎರಡು ಕೈ ಮುಗಿದು ಅವಳಮ್ಮನನ್ನೂ ಕರೆಯಬೇಕಿತ್ತು. ಎಲ್ಲೂ ಬಿಡಲಿಲ್ಲ.

ಆ ರಾತ್ರಿ ರೀಡಿಂಗ್ ರೆಕಾರ್ಡಿನಲ್ಲಿ ಪುಸ್ತಕದ ಹೆಸರಿನ ಜಾಗದಲ್ಲಿ ಅವಳೇ ಕನ್ನಡದಲ್ಲಿ ದೊಡ್ಡದಾಗಿ 'ಕೊಳಕುಮಂಡಲ' ಅಂತ ಬರೆದಳು. ಳ ತಿರುಗುಮುರುಗಾಗಿತ್ತು. ನಾನು ತಿದ್ದಲಿಲ್ಲ, ಸಹಿ ಹಾಕಿದೆ. ಎರಡು ದಿನ ಬಿಟ್ಟು ನೋಟ್‌ಬುಕ್ಕು ವಾಪಸ್ ಬಂತು. ಟೀಚರ್ ಒಂದು ನಗುಮುಖದ ಸ್ಟಾಂಪು ಒತ್ತಿ, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಕೇಳಿದ್ದಳು: ವಾವ್! ಇದು ಯಾವ ಬಣ್ಣ?

ಮಗಳು ಪುಸ್ತಕ ತೆಗೆದು ಹಾವಿನ ಚಿತ್ರವನ್ನು ಇನ್ನೊಂದು ಸಲ ನೋಡಿ, ಕೆಳಗೆ ಬರೆದಳು: ಬ್ರೌನ್.